ಮಾಳಿಗೆಯ ಮೇಲಿನ ಮಣ್ಣು

ಇಂಡಿ, 28-9-1974

ಅಕ್ಕನ ಪಾದಕ್ಕೆ ಶ್ರೀಶೈಲಪ್ಪನ ಶರಣು.

ಮೊದಲು ಲೆಕ್ಕ ಹೇಳುತ್ತೇನೆ, ಆಮೇಲೆ ಮಾತು. ಸಿಂದಗಿಯ ಮನೆಗೆ ಬಸಂತರಾಯನಿಗೆ ಕೊಟ್ಟ ಕಿಮ್ಮತ್ತು ನಾಲ್ಕು ಸಾವಿರದ ನೂರು. ಸ್ಟ್ಯಾಂಪು, ರಜಿಸ್ಟ್ರಿ, ಕಾಗದ ಬರೆದವನ ಕೂಲಿ ಸೇರಿ ನಾನೂರ ಅರವತ್ತೆಂಟು. ರಸ್ತೆಗೆ ಚಾಚಿದ್ದ ಕಟ್ಟೆ ಒಡೆಸಿದ್ದಕ್ಕೆ ಮೂವತ್ತಾರು. ಗಟಾರಕ್ಕೆ ಕಲ್ಲು ಮುಚ್ಚಿಸಿದ್ದಕ್ಕೆ ಎಂಬತ್ತೈದು. ಝಳಕಿಯಲ್ಲಿ ಕೆಡವಲಿಕ್ಕೆ ತೆಗೆದ ಒಂದು ಹಳೆಯ ವಾಡೆಯ ಎರಡು ತೊಲೆಗಳಿಗೆ ಮುಂಗಡ ನೂರು. ಬಸ್ಸಿನ ಓಡಾಟ ನಲವತ್ತೊಂದು. ಮಾಳಿಗೆ ಬಿದ್ದ ಮೇಲೆ ಮಣ್ಣು ತೆಗೆಸಿದ ಕೂಲಿ ನೂರಾ ತೊಂಬತ್ತು. ಶೆಟ್ಟೆವ್ವನ ಅಂತ್ಯಕ್ರಿಯೆಯ ಖರ್ಚಿಗೆಂದು ಅವಳ ತಮ್ಮ ಧರೆಪ್ಪನಿಗೆ ಹೂವಿನ ಹಿಪ್ಪರಗಿಗೆ ನೂರಾ ಐವತ್ತು ಮನಿಯಾರ್ಡರ್ ಮಾಡಿದ್ದೆ. ಅವನು ಮುಟ್ಟಲಿಲ್ಲ, ವಾಪಸು ಬಂತು. ನೂರಾ ಐವತ್ತು ಬಂತು, ಕಮಿಷನ್ನಿನ ಮೂರು ರೂಪಾಯಿ ಬರಲಿಲ್ಲ.

ಒಟ್ಟು ಐದು ಸಾವಿರದ ಇಪ್ಪತ್ಮೂರು. ನೀನು ಕಳಿಸಿದ್ದು ಐದು ಸಾವಿರ. ಅಂದರೆ ಈ ಇಡೀ ವ್ಯವಹಾರದಲ್ಲಿ ನನ್ನ ಕಿಸೆಯಿಂದ ಹೋದದ್ದು ಇಪ್ಪತ್ಮೂರು ರೂಪಾಯಿ. ಇಪ್ಪತ್ತು ವರ್ಷದ ಹಿಂದೆ ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿ ಹೊತ್ತು ನಿಂಬೆಹಣ್ಣು ಮಾರುತ್ತಿದ್ದಾಗಲೂ ಒಂದು ವ್ಯವಹಾರ ಇಷ್ಟು ಅಗ್ಗಕ್ಕೆ ನನಗೆ ಮುಗಿದಿರಲಿಲ್ಲ.

ಜುಲೈಯಿಂದ ನಾಲ್ಕು ಕಾಗದ ಬರೆದೆ. ನೀನು ಬಸವನ ಬಾಗೇವಾಡಿಯಲ್ಲಿ ಖೋಲಿ ಹಿಡಿದಿದ್ದೀ ಎಂದು ಬೇರೆಯವರಿಂದ ಗೊತ್ತಾಯಿತು. ಈಗ ಬರೆಯುವುದು ಬಿಟ್ಟು, ಬರೆದದ್ದನ್ನೇ ಕಳಿಸುತ್ತಿದ್ದೇನೆ. ನಿನ್ನ ಕಾಗದಗಳು ಇದ್ದಂತೆಯೇ ಇವೆ. ನನ್ನವು ಅಂಗಡಿಯ ನಕಲು ಪುಸ್ತಕದಿಂದ ಇಳಿಸಿದವು. ತಾರೀಖಿನಂತೆ ಜೋಡಿಸಿದ್ದೇನೆ.

ಇವುಗಳ ಮೇಲೆ ಒಂದು ಚೀಟಿ ಇದೆ. ಅದನ್ನು ನೀನು ಇಲ್ಲಿಯವರೆಗೆ ನೋಡಿಲ್ಲ. ಊರಿನ ಕಚೇರಿಯವರು ಬಸಂತರಾಯನಿಗೆ ಕೊಟ್ಟಿದ್ದ ನೋಟಿಸು. ಅವನು ಮುಚ್ಚಿಡಲಿಲ್ಲ ಪಾಪ, ನನ್ನ ಮುಂದೆಯೇ ಇಟ್ಟ. ಅದರಲ್ಲಿ ಮೂರು ಕಲಮು. ಕಟ್ಟೆ ಮೂರು ಫೂಟು ರಸ್ತೆಯ ಮೇಲಿದೆ, ತೆಗೆಯಬೇಕು. ಬಚ್ಚಲ ಗಟಾರ ತೆರೆದಿದೆ, ಮುಚ್ಚಬೇಕು. ಮಾಳಿಗೆಯ ಮೇಲೆ ಮೂರು ಫೂಟು ಮಣ್ಣಿದೆ, ನಡುವಿನ ತೊಲೆ ಸೀಳಿದೆ. ಎರಡು ಫೂಟು ಮಣ್ಣು ಇಳಿಸಿ ತೊಲೆ ಬದಲಿಸುವವರೆಗೆ ಆ ಮನೆಯಲ್ಲಿ ಯಾರೂ ವಾಸ ಮಾಡಕೂಡದು.

ಓವರ್‌ಸಿಯರ್ ಏಣಿ ಹಾಕಿ ನನ್ನನ್ನು ಮೇಲೆ ಹತ್ತಿಸಿ ತೋರಿಸಿದ. “ಮೂರು ತಲಿಮಾರು ವರ್ಷಾ ವರ್ಷಾ ಮಣ್ಣು ಹಾಕ್ಯಾರ್ರಿ ಸಾಹುಕಾರ್ರ, ಒಬ್ಬರರ ಇಳಿಸ್ಯಾರೇನು? ಇದು ಮಾಳಗಿ ಅಲ್ಲ, ಹೊಲ ಐತಿ. ಬಿತ್ತಿದ್ರ ಜ್ವಾಳಾ ಬರ್ತಾವು.” ನಾನು ನಕ್ಕೆ. ಅವನು ನಗಲಿಲ್ಲ. ಮೂರನೆಯ ಕಲಮಿಗೆ ಸಾವಿರದ ನೂರಾ ಐವತ್ತು ಬೇಕಾಗುತ್ತಿತ್ತು. ರಸ್ತೆಗೆ ಕಾಣುವ ಎರಡು ಕೆಲಸ ಮಾಡಿಸಿದೆ. ಕಾಣದ ಮೂರನೆಯದಕ್ಕೆ ದಸರೆಯವರೆಗೆ ಮುದ್ದತು ಕೇಳಿದೆ, ಅಲ್ಲಿಯತನಕ ಮನೆ ಖಾಲಿ ಇಡುತ್ತೇನೆಂದು ಸಹಿ ಹಾಕಿ ಕೊಟ್ಟೆ.

ಓದು. ಓದಿದ ಮೇಲೆ ಬೈಯುವುದಿದ್ದರೂ ಒಂದು ಕಾರ್ಡು ಹಾಕು.

ಶ್ರೀಶೈಲಪ್ಪ

*

ಮುದ್ದೇಬಿಹಾಳ, 4-2-1974

ತಮ್ಮ ಶ್ರೀಶೈಲನಿಗೆ ಅಕ್ಕ ಕಸ್ತೂರೆವ್ವನ ಆಶೀರ್ವಾದ.

ಐದು ಸಾವಿರದ ಡ್ರಾಫ್ಟು ಇದರ ಜೊತೆಗಿದೆ. ಮೇ ಮೂವತ್ತೊಂದಕ್ಕೆ ನನ್ನ ನೌಕರಿ ಮುಗಿಯುತ್ತದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಹನ್ನೊಂದು ಬಾಡಿಗೆ ಮನೆ ಕಂಡೆ. ಗೋಡೆಗೆ ಮೊಳೆ ಹೊಡೆಯಬೇಕೆಂದರೂ ಮಾಲಕರನ್ನು ಕೇಳಬೇಕು. ಅವ್ವನ ಊರು ಸಿಂದಗಿಯಲ್ಲಿ ಒಂದು ಹಳೆಯ ಮನೆ ನೋಡು. ದೊಡ್ಡದು ಬೇಡ. ಒಂದು ಪಡಸಾಲೆ, ಒಂದು ಅಡಿಗೆಮನೆ, ಹಿತ್ತಲಲ್ಲಿ ಬಚ್ಚಲು. ಬಾಗಿಲು ಮಾತ್ರ ನಮ್ಮದಾಗಿರಬೇಕು.

ಕಾಗದ ಇಬ್ಬರ ಹೆಸರಿಗೆ ಆಗಲಿ. ಇದನ್ನು ಮರೆಯಬೇಡ.

ಶೆಟ್ಟೆವ್ವ ನಿನಗೆ ಶರಣು ಹೇಳಿದ್ದಾಳೆ. ಸಾಲೆಯ ಗಂಟೆ ಹೊಡೆಯುವ ಕೆಲಸ ಅವಳಿಗೂ ಈ ವರ್ಷಕ್ಕೆ ಮುಗಿಯುತ್ತದೆ. “ಶ್ರೀಶೈಲಪ್ಪಾರಿಗೆ ಹೇಳ್ರಿ ಅಕ್ಕಾರ, ಅಡಗಿಮನಿ ಗ್ವಾಡ್ಯಾಗ ಒಂದು ಮಾಡಾ ಇರಲಿ, ನನ್ನ ಎಲಿ ಅಡಕಿ ಚಂಚಿ ಇಡಾಕ” ಎಂದಳು. ನಗುತ್ತಾ ಹೇಳಿದಳು, ಆದರೂ ನೋಡು.

ಕಸ್ತೂರೆವ್ವ

*

ಇಂಡಿ, 11-3-1974

ಅಕ್ಕನಿಗೆ ಶರಣು.

ಮನೆ ಆಯಿತು! ಬಸಂತರಾಯ ಹೇಳಿದ್ದು ಆರೂವರೆ ಸಾವಿರ. “ನಮ್ಮ ಮುತ್ತ್ಯಾ ಕಟ್ಟಿಸಿದ ಮನಿರಿ ಇದು, ಒಂದು ಪೈ ಕಮ್ಮಿ ಇಲ್ಲ” ಅಂದ. ನಾನಂದೆ, “ನಿಮ್ಮ ಮುತ್ತ್ಯಾಗ ಶರಣು ಹೇಳ್ರಿ. ಆದ್ರ ನಾ ಮುತ್ತ್ಯಾನ್ನ ಕೊಳ್ಳಾಕ ಬಂದಿಲ್ಲ, ಗ್ವಾಡಿ ಕೊಳ್ಳಾಕ ಬಂದೀನಿ.” ಮೂರು ಸಲ ಎದ್ದು ಹೊರಟೆ, ಮೂರು ಸಲ ಕರೆದ. ನಾಲ್ಕನೆಯ ಸಲ ಅವನೇ ಎದ್ದ, ಆದರೆ ಅದು ಅವನ ಮನೆ, ಎದ್ದು ಹೋಗುವುದೆಲ್ಲಿಗೆ? ನಾಲ್ಕು ಸಾವಿರದ ನೂರಕ್ಕೆ ಕೈ ಹೊಡೆದೆವು. ಎರಡು ಸಾವಿರದ ನಾನೂರು ಬಾಯಿಂದ ಗಳಿಸಿದ್ದು, ಅಕ್ಕಾ. ಇಂಡಿ ಬಜಾರಿನಲ್ಲಿ ಇದೇ ಸುದ್ದಿ.

ಇಬ್ಬರ ಹೆಸರಿಗೆ ಎಂದು ನೀನು ಬರೆದಿದ್ದೆ. ಓದಿ ಕಣ್ಣಲ್ಲಿ ನೀರು ಬಂತು. ತಮ್ಮನ ಮೇಲೆ ಇಷ್ಟು ಮಾಯೆ ಇಟ್ಟವಳು ನೀನೊಬ್ಬಳೇ. ನಿನ್ನ ಹೆಸರು, ಅದರ ಕೆಳಗೆ ನನ್ನ ಹೆಸರು, ಅರ್ಧರ್ಧ ಬರೆಸಿದ್ದೇನೆ.

ಕಚೇರಿಯ ಸಣ್ಣಪುಟ್ಟ ತಕರಾರಿದೆ. ಹಳೆಯ ಮನೆ ಅಂದಮೇಲೆ ಇರುವುದೇ. ಕಟ್ಟೆ ಸ್ವಲ್ಪ ರಸ್ತೆಗೆ ಬಂದಿದೆ, ಒಡೆಸುತ್ತೇನೆ. ಕೀಲಿಕೈ ಪಕ್ಕದ ಮನೆಯ ಜೈತುನಬಿಯ ಹತ್ತಿರ ಇದೆ, ನಂಬಿಗಸ್ಥ ಹೆಂಗಸು. ಶೆಟ್ಟೆವ್ವನ ಮಾಡಾ ಇದೆ. ಊಟ ತಿಂಡಿ ನೋಡಿಕೊಳ್ಳಲು ಆಳು ಜೊತೆಗಿರುವುದು ಒಳ್ಳೆಯದೇ, ಆದರೆ ಸಂಬಳ ಮೊದಲೇ ಗೊತ್ತು ಮಾಡಿಕೋ.

ಶ್ರೀಶೈಲಪ್ಪ

*

ಮುದ್ದೇಬಿಹಾಳ, 2-4-1974

ಶ್ರೀಶೈಲಾ,

ನಿನ್ನ ಕಾಗದ ಎರಡು ಸಲ ಓದಿದೆ. ಒಂದು ಸಲ ನನಗಾಗಿ, ಒಂದು ಸಲ ಗಟ್ಟಿಯಾಗಿ. ಗಟ್ಟಿಯಾಗಿ ಓದುವಾಗ ಕೆಲವು ಸಾಲು ಬಿಟ್ಟು ಓದಿದೆ.

ಹೆಸರಿನ ವಿಷಯ ಎದುರಿಗೆ ಕೂತು ಮಾತಾಡೋಣ. ಕಾಗದದಲ್ಲಿ ಬರೆಯುವಂಥದ್ದಲ್ಲ.

ಜೂನ್ ಒಂದಕ್ಕೆ ಬರಬಹುದೇ? ಮಾಳಿಗೆ ಸೋರುವುದಿಲ್ಲ ತಾನೇ?

ಕಸ್ತೂರೆವ್ವ

*

ಇಂಡಿ, 20-4-1974

ಅಕ್ಕನಿಗೆ ಶರಣು.

ಕಟ್ಟೆ ಒಡೆಸಿದೆ, ಗಟಾರ ಮುಚ್ಚಿಸಿದೆ. ಓವರ್‌ಸಿಯರ್ ಬಿಗಿ ಮನುಷ್ಯ. ಚಹಾ ಕುಡಿಸೋಣವೆಂದರೆ “ಮನ್ಯಾಗ ಕುಡದು ಬಂದೀನ್ರಿ” ಎಂದ. ಅಂಥವನಿಂದಲೂ ದಸರೆಯವರೆಗೆ ಮುದ್ದತು ತೆಗೆದುಕೊಂಡು ಬಂದಿದ್ದೇನೆ.

ಆದ್ದರಿಂದ ಜೂನ್‌ಗೆ ಬೇಡ, ದಸರೆಗೆ ಬಾ. ಮಾಳಿಗೆಯ ಮೇಲೆ ಸ್ವಲ್ಪ ಮಣ್ಣಿನ ಕೆಲಸ ಉಳಿದಿದೆ. ಝಳಕಿಯಲ್ಲಿ ವಾಡೆ ಕೆಡವಿದರೆ ಒಳ್ಳೆಯ ಸಾಗವಾನಿ ತೊಲೆ ಅರ್ಧ ರೇಟಿಗೆ ಸಿಗುತ್ತವೆ. ಅವಸರ ಮಾಡಿದವನಿಗೆ ಪೂರ್ತಿ ರೇಟು, ಕಾದವನಿಗೆ ಅರ್ಧ. ನಾಲ್ಕು ತಿಂಗಳ ಬಾಡಿಗೆ ನಿನಗೇನು ಭಾರವಲ್ಲ. ನಿನ್ನ ದುಡ್ಡು ಉಳಿಸಲಿಕ್ಕೇ ಹೇಳುತ್ತಿದ್ದೇನೆ.

ಶ್ರೀಶೈಲಪ್ಪ

*

ಮುದ್ದೇಬಿಹಾಳ, 25-5-1974

ಶ್ರೀಶೈಲಾ,

ಸರಿ. ಇಲ್ಲಿ ನಮಗೇನೂ ತೊಂದರೆ ಇಲ್ಲ. ಸಾಲೆಯಲ್ಲಿ ಬೀಳ್ಕೊಡುಗೆ ಮಾಡಿದರು, ನನಗೆ ಶಾಲು ಹೊದಿಸಿದರು. ಶೆಟ್ಟೆವ್ವನಿಗೆ ಕೊಡಲು ಯಾರಿಗೂ ನೆನಪಾಗಲಿಲ್ಲ. ಮನೆಗೆ ಬಂದು ಅದೇ ಶಾಲನ್ನು ಅವಳಿಗೆ ಹೊದಿಸಿದೆ. ಈ ಬಿಸಿಲಲ್ಲಿ ಬೇಡವೆಂದು ಕಿತ್ತು ನನ್ನ ಮೇಲೆಯೇ ಎಸೆದಳು.

ಕಸ್ತೂರೆವ್ವ

*

ಸಿಂದಗಿ, 30-6-1974

ಶ್ರೀಶೈಲಾ,

ಮೇಲಿನ ಊರಿನ ಹೆಸರು ನೋಡಿ ಗಾಬರಿಯಾಗಬೇಡ. ಹೋದ ಸೋಮವಾರ ನಮ್ಮ ಮನೆಗೆ ಬಂದೆವು.

ಮುದ್ದೇಬಿಹಾಳದ ಮಾಲಕರು ಏಪ್ರಿಲ್‌ನಿಂದಲೇ ಮನೆ ಬಿಡಿ ಎನ್ನುತ್ತಿದ್ದರು. ನಾನು ನಿನಗೆ ಬರೆದಿರಲಿಲ್ಲ. ಶೆಟ್ಟೆವ್ವ ಅಡಿಗೆಮನೆಗೆ ಹೋಗುತ್ತಾಳೆ, ಬಾವಿಗೆ ಕೊಡ ಇಳಿಸುತ್ತಾಳೆ ಎಂದು ಅವರ ತಕರಾರು. ನೌಕರಿ ಇರುವತನಕ ಟೀಚರಮ್ಮ ಎಂದು ಬಾಯಿ ಮುಚ್ಚಿಕೊಂಡಿದ್ದರು. ನೌಕರಿ ಮುಗಿದ ಮೂರನೆಯ ವಾರಕ್ಕೆ ನಮ್ಮ ಪೆಟ್ಟಿಗೆ ಅಂಗಳಕ್ಕೆ ಬಂತು. ಸ್ವಂತ ಮನೆ ಇದ್ದು ಯಾರ ಅಂಗಳದಲ್ಲಿ ನಿಲ್ಲಬೇಕು?

ಜೈತುನಬಿ ಕೀಲಿಕೈ ಕೊಡುವಾಗ “ಶ್ರೀಶೈಲಪ್ಪಾರು ದಸರಾಕ್ಕ ಅಂದಿದ್ರಲ್ಲವ್ವಾ” ಎಂದಳು. “ನನ್ನ ತಮ್ಮ ರೊಕ್ಕ ಉಳಸಾಕ ಹಂಗ ಅಂತಾನ” ಎಂದೆ. ಇಬ್ಬರೂ ನಕ್ಕೆವು.

ಬಂದ ಮರುದಿನವೇ ಮಳೆ ಹಿಡಿಯಿತು, ಪಡಸಾಲೆಯಲ್ಲಿ ಎರಡು ಕಡೆ ತೊಟ್ಟಿಕ್ಕಿತು. ನೀನು ಮಣ್ಣಿನ ಕೆಲಸ ಉಳಿದಿದೆ ಎಂದು ಬರೆದದ್ದು ನೆನಪಾಯಿತು. ಅದಕ್ಕಾಗಿ ದಸರೆಯತನಕ ಕಾಯುವುದೇಕೆ? ಹಳ್ಳದ ದಂಡೆಯಿಂದ ಹದಿನಾಲ್ಕು ಬಂಡಿ ಸವಳು ಮಣ್ಣು ತರಿಸಿದೆವು, ಬಂಡಿಗೆ ಮೂರು ರೂಪಾಯಿ. ಶೆಟ್ಟೆವ್ವ ಸೀರೆ ಕಚ್ಚೆ ಹಾಕಿ ತಾನೇ ಮೇಲೆ ಹತ್ತಿ, ಅಂಚಿನತನಕ ಹಾಸಿ, ಕೋಲಿನಿಂದ ಬಡಿದಳು. ಕೆಳಗಿಂದ ನಾನು, “ಸಾಕು ಇಳೀಯೇ, ಕಾಲು ಜಾರೀತು” ಅಂದರೆ, “ಅಕ್ಕಾರ, ಇಷ್ಟು ವರ್ಷ ಮಂದೀ ಮಾಳಗಿ ಬಡದೀನಿ. ಇದು ನಮ್ಮದು. ನಿಧಾನ ಬಡೀತೀನಿ” ಅಂದಳು. ಓಣಿಯವರೆಲ್ಲ ನೋಡುತ್ತಿದ್ದರು. ನಾನು ಅವಳನ್ನು ಅಷ್ಟು ಗತ್ತಿನಲ್ಲಿ ಎಂದೂ ನೋಡಿರಲಿಲ್ಲ.

ಈಗ ಒಂದು ಹನಿ ಸೋರುವುದಿಲ್ಲ. ನಲವತ್ತೆರಡು ರೂಪಾಯಿಯಲ್ಲಿ ನಿನ್ನ ಕೆಲಸ ಮುಗಿಸಿದ್ದೇವೆ. ಅಕ್ಕನೂ ವ್ಯವಹಾರ ಬಲ್ಲವಳೇ ಎಂದು ಒಪ್ಪಿಕೋ.

ಕಸ್ತೂರೆವ್ವ

*

ಇಂಡಿ ತಾರು, 3-7-1974

ಮನೆಯಲ್ಲಿ ಇರಬೇಡ. ಶನಿವಾರ ಬರುತ್ತೇನೆ. ಶ್ರೀಶೈಲಪ್ಪ.

[ಅಕ್ಕಾ, ನಕಲಿನ ಕೆಳಗೆ ಇದನ್ನು ಈಗ ಬರೆಯುತ್ತಿದ್ದೇನೆ. ಮೊದಲು ಬರೆದ ತಾರಿನಲ್ಲಿ ‘ಮಾಳಿಗೆ ಬೀಳುತ್ತದೆ, ಮಣ್ಣು ಇಳಿಸು’ ಎಂದಿತ್ತು. ಅದು ಬೇಡವೆಂದು ಹೊಡೆದು ಹಾಕಿದೆ. ಶಬ್ದಕ್ಕಿಷ್ಟು ಎಂಬ ಕಾರಣಕ್ಕಲ್ಲ. ತಾರು ಓದುವವನು ಸಿಂದಗಿಯವನು. ಓವರ್‌ಸಿಯರ್‌ಗೆ ಗೊತ್ತಾದರೆ ನಾನು ಸಹಿ ಹಾಕಿ ಕೊಟ್ಟದ್ದಕ್ಕೆ ದಂಡ ಬೀಳುತ್ತದೆ ಎಂದು. ಗುರುವಾರ, ಶುಕ್ರವಾರ ಅಂಗಡಿಯಲ್ಲಿ ನಿಂಬೆಯ ಲಿಲಾವು ಇತ್ತು. ಅದಕ್ಕೇ ಶನಿವಾರ.]

*

ಸಿಂದಗಿ, 5-7-1974, ಮಧ್ಯಾಹ್ನ

ಶ್ರೀಶೈಲಾ,

ನಿನ್ನ ತಾರು ನಿನ್ನೆ ಸಂಜೆ ಬಂತು. ಇಷ್ಟು ಸಿಟ್ಟೇ? ನಿನ್ನನ್ನು ಕೇಳದೆ ಬಂದದ್ದು ನನ್ನ ತಪ್ಪು. ಮನೆಗೆ ನಿನ್ನ ಹೆಸರೂ ಇದೆ ಎಂಬುದನ್ನು ನಾನು ಮರೆತಿಲ್ಲ. ಆದರೆ ಹೊರಗೆ ಹಾಕುವ ಮಾತನ್ನು ತಾರಿನಲ್ಲಿ ಕಳಿಸಬೇಕಿತ್ತೇ? ತಾರಿನವನು ಬಾಗಿಲಲ್ಲೇ ಗಟ್ಟಿಯಾಗಿ ಓದಿದ. ಶೆಟ್ಟೆವ್ವ ಎದ್ದು ಒಳಗೆ ಹೋದಳು. ತನ್ನ ಬಟ್ಟೆ ಗಂಟು ಕಟ್ಟತೊಡಗಿದಳು. “ಅವರು ಹೇಳೂದು ನನಗರಿ ಅಕ್ಕಾರ. ನಾ ಹಿಪ್ಪರಗಿಗಿ ತಮ್ಮನ ಮನಿಗಿ ಹೋಗ್ತೇನಿ, ನೀವು ಇರ್ರಿ” ಎಂದಳು. ಗಂಟು ಕಸಿದು ನಾನೇ ಬಿಚ್ಚಿದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವಳಿಗೆ ಗದರಿಸಿದೆ, “ಎಲ್ಲಿಗೂ ಹೋಗಬ್ಯಾಡ, ಇದ ಮನ್ಯಾಗ ಇರು” ಅಂತ.

ಮೂರು ದಿನದಿಂದ ಜಿಟಿಜಿಟಿ ಮಳೆ. ಆದರೂ ಇದನ್ನು ಈಗಲೇ ಪೋಸ್ಟಿಗೆ ಹಾಕಿ ಬರುತ್ತೇನೆ, ನೀನು ಬರುವ ಮೊದಲು ನಿನ್ನ ಸಿಟ್ಟು ಇಳಿಯಲಿ. ಅವಳು ರೊಟ್ಟಿ ಬಡಿಯುತ್ತಿದ್ದಾಳೆ. ಬರುವುದರೊಳಗೆ ಜುಣಕ ಆಗಿರುತ್ತದಂತೆ.

ಕಸ್ತೂರೆವ್ವ

*

ಬಸವನ ಬಾಗೇವಾಡಿ, 9-10-1974

ಶ್ರೀಶೈಲಪ್ಪಾ,

ನಿನ್ನ ಕಟ್ಟು ಬಂತು. ನೋಟಿಸು ಓದಿದೆ. ಮೂರನೆಯ ಕಲಮನ್ನು ಎಷ್ಟು ಸಲ ಓದಿದೆನೋ.

ಪೋಸ್ಟ್ ಆಫೀಸಿನಿಂದ ಓಣಿಗೆ ತಿರುಗಿದಾಗ ಮಳೆಯಲ್ಲೇ ಧೂಳು ಎದ್ದಿತ್ತು. ಮಳೆಯಲ್ಲಿ ಧೂಳು ಎಲ್ಲಿಂದ ಬಂತು ಎಂದುಕೊಂಡೆ. ಅಡಿಯ ಮಣ್ಣಿಗೆ ಮೂರು ತಲೆಮಾರಿನಿಂದ ನೀರು ತಾಗಿರಲಿಲ್ಲವಲ್ಲ, ಅದರ ಧೂಳು. ಜೈತುನಬಿ ಬರಿಗೈಯಲ್ಲಿ ಕೆದರುತ್ತಿದ್ದಳು. ಓವರ್‌ಸಿಯರ್ ಬಂದು ಅಂಗಿ ಬಿಚ್ಚಿ ಅವನೂ ಕೆದರಿದ. ಆಮೇಲೆ ನನ್ನ ಮುಂದೆ ನಿಂತು, “ಅವ್ವಾ, ನಿಮಗ ಯಾರೂ ಹೇಳಿರಲಿಲ್ಲೇನು?” ಎಂದ. ಏನು ಹೇಳಿರಲಿಲ್ಲ ಎಂದು ಆಗ ನನಗೆ ತಿಳಿಯಲಿಲ್ಲ. ಈಗ ತಿಳಿಯಿತು.

ಬೈಯುವುದಿದ್ದರೆ ಬೈ ಎಂದಿದ್ದೀ. ಬೈಯಲು ನನಗೆ ಬಾಯಿಲ್ಲ. ಅವಳಿಗೆ ಮಣ್ಣು ಹಾಕಲು ಹೇಳಿದವಳು ನಾನು. ಗಂಟು ಕಟ್ಟಿದವಳನ್ನು ತಡೆದವಳು ನಾನು.

ನಿನ್ನ ಲೆಕ್ಕದಲ್ಲಿ ಒಂದು ತಪ್ಪಿದೆ. ‘ನೀನು ಕಳಿಸಿದ್ದು ಐದು ಸಾವಿರ’ ಎಂದು ನನಗೆ ಬರೆದಿದ್ದೀ. ಅದರಲ್ಲಿ ನನ್ನದು ಮೂರು ಸಾವಿರದ ನೂರಾ ಐವತ್ತು. ಉಳಿದ ಸಾವಿರದ ಎಂಟುನೂರಾ ಐವತ್ತು ಶೆಟ್ಟೆವ್ವನದು. ಹತ್ತೊಂಬತ್ತು ವರ್ಷ ಗಂಟೆ ಹೊಡೆದು ಕೂಡಿಸಿದ್ದು, ಜೊತೆಗೆ ಅವಳ ಅವ್ವನ ಬೆಳ್ಳಿಯ ಕಡಗ ಮಾರಿದ್ದು. ಇಬ್ಬರ ಹೆಸರು ಎಂದರೆ ನಾನು ಮತ್ತು ಅವಳು. ಅದನ್ನು ಬಿಡಿಸಿ ಬರೆಯಲು ನನಗೆ ಧೈರ್ಯವಾಗಲಿಲ್ಲ. ನೀನು ನಗುತ್ತೀ ಎಂದಲ್ಲ. ಕಾಗದ ಮಾಡಿಸುವುದನ್ನೇ ಬಿಟ್ಟುಬಿಡುತ್ತೀ ಎಂದು. ನಿನ್ನ ಹೆಸರು ಬರೆಸಿದ್ದಾಗಿ ನೀನು ಬರೆದಾಗ, ಅವಳಿಗೆ ಓದುವಾಗ ಆ ಸಾಲು ಬಿಟ್ಟೆ. ಸಾಯುವತನಕ ಅವಳು ಆ ಮನೆಯ ಕಾಗದದಲ್ಲಿ ತನ್ನ ಹೆಸರಿದೆ ಎಂದೇ ತಿಳಿದಿದ್ದಳು.

ನೀನು ನೋಟಿಸು ಮುಚ್ಚಿಟ್ಟೆ. ನಾನು ಶೆಟ್ಟೆವ್ವನನ್ನು ಮುಚ್ಚಿಟ್ಟೆ.

ಕಸ್ತೂರೆವ್ವ

*

ಇಂಡಿ, 2-12-1974

ಅಕ್ಕನಿಗೆ ಶರಣು.

ನಿನ್ನ ಕಾಗದ ಬಂದ ಮೇಲೆ ಎಂಟು ದಿನ ಅಂಗಡಿಯಲ್ಲಿ ಕೂತು, ಕೇಳಿದ ಬೆಲೆಗೇ ನಿಂಬೆ ಕೊಟ್ಟೆ. ಗಿರಾಕಿಗಳು ನನಗೆ ಜ್ವರ ಎಂದುಕೊಂಡರು. ಒಂಬತ್ತನೆಯ ದಿನ ಸಾವಿರದ ಎಂಟುನೂರಾ ಐವತ್ತು ರೂಪಾಯಿ ಕಟ್ಟಿಕೊಂಡು ಹೂವಿನ ಹಿಪ್ಪರಗಿಗೆ ಹೋದೆ.

ಧರೆಪ್ಪ ಹೊರಗೆ ಹಗ್ಗ ಹೊಸೆಯುತ್ತಿದ್ದ. ಕೂಡು ಅನ್ನಲಿಲ್ಲ. ನಾನೇ ಕೂತೆ. ದುಡ್ಡು ಮುಂದಿಟ್ಟು, “ನಿಮ್ಮಕ್ಕನ ರೊಕ್ಕ ಐತಪಾ. ನನಗ ಗೊತ್ತಿರಲಿಲ್ಲ” ಎಂದೆ.

“ಮೊದಲಿನ ಮನಿಯಾರ್ಡರ್ ಯಾವುದಕ್ಕಿತ್ರಿ?”

“ಅದು... ಖರ್ಚಿಗೆ.”

“ನಮ್ಮಕ್ಕನ್ನ ಮಣ್ಣು ಮಾಡಾಕ ನಮಗ ತಾಕತ್ತಿತ್ರಿ.” ಹಗ್ಗ ಹೊಸೆಯುತ್ತಲೇ ಇದ್ದ. “ಇದನ್ನೂ ಒಯ್ರಿ. ಆಕಿ ನಿಮಗ ಕೈಗಡ ಕೊಟ್ಟಿಲ್ಲ. ಮನಿಗಿ ಕೊಟ್ಟಾಳ. ಮನಿ ಕೊಡ್ರಿ.”

“ಮನಿ ಎಲ್ಲೈತೋ ಮಾರಾಯಾ? ಬಯಲಾಗೇತಿ.”

“ಬಯಲಾದ್ರೂ ಆಕೀ ಬಯಲರಿ ಅದು.”

ಜೀವಮಾನದಲ್ಲಿ ನನ್ನ ಎದುರಿಗೆ ಯಾರೂ ಇಷ್ಟು ಕಡಿಮೆ ಮಾತಿನಲ್ಲಿ ವ್ಯವಹಾರ ಮುಗಿಸಿರಲಿಲ್ಲ. ದುಡ್ಡು ಎತ್ತಿಕೊಂಡು ಎದ್ದೆ. ಹೋದ ಗುರುವಾರ ಸಿಂದಗಿಗೆ ಹೋಗಿ ನನ್ನ ಅರ್ಧವನ್ನು ಅವನ ಹೆಸರಿಗೆ ಬರೆದುಕೊಟ್ಟೆ. ಸ್ಟ್ಯಾಂಪಿನ ಖರ್ಚು ನನ್ನದು. ಅವನು ಹೆಬ್ಬೆಟ್ಟು ಒತ್ತಿದ, ಕಾಗದ ಮಡಿಚಿ ತಲೆಯ ಪಟಗದಲ್ಲಿ ಸಿಕ್ಕಿಸಿಕೊಂಡ. ಅಲ್ಲಿಂದ ಓಣಿಗೆ ನಡೆದು, ಬಯಲಿನ ಮುಂದೆ ಚಪ್ಪಲಿ ಬಿಟ್ಟು, ಸ್ವಲ್ಪ ಹೊತ್ತು ನಿಂತು, ಬಸ್ಸಿಗೆ ಹೋದ.

ನೀನು ಆ ಊರಿಗೆ ಇನ್ನು ಕಾಲಿಡುವುದಿಲ್ಲ ಎಂದು ಜೈತುನಬಿಗೆ ಹೇಳಿ ಕಳಿಸಿದ್ದೀಯಂತೆ. ನಾನು ಬಾ ಎನ್ನುವುದಿಲ್ಲ. ಯಾರಿಗೆ ಏನು ಬಂತು ಎಂಬುದನ್ನು ಬರೆದು ಈ ವ್ಯವಹಾರದ ಪುಟ ಮುಚ್ಚುತ್ತೇನೆ. ತಪ್ಪಿದ್ದರೆ ತಿದ್ದು.

ಬಸಂತರಾಯನಿಗೆ ನಾಲ್ಕು ಸಾವಿರದ ನೂರು ರೂಪಾಯಿ.

ಬಂಡಿಯವನಿಗೆ ನಲವತ್ತೆರಡು.

ಓಣಿಗೆ ಮೂರು ಫೂಟು ರಸ್ತೆ.

ಜೈತುನಬಿಯ ಪಡಸಾಲೆಗೆ ಮುಂಜಾನೆಯ ಬಿಸಿಲು. ಬೇಡವಾಗಿತ್ತು ಎಂದಳು.

ಧರೆಪ್ಪನಿಗೆ ಅರ್ಧ ಬಯಲು.

ನಿನಗೆ ಉಳಿದರ್ಧ, ಮತ್ತು ಬಾಗೇವಾಡಿಯಲ್ಲಿ ತಿಂಗಳಿಗೆ ಹದಿನೆಂಟು ರೂಪಾಯಿಯ ಖೋಲಿ.

ನನಗೆ ಎರಡು ಸಾವಿರದ ನಾನೂರು ಇಳಿಸಿದವನೆಂಬ ಹೆಸರು.

ಶೆಟ್ಟೆವ್ವನಿಗೆ ಆ ಮನೆಯಲ್ಲಿ ಹನ್ನೊಂದು ದಿನ.

ಶ್ರೀಶೈಲಪ್ಪ